ಬಲದಿಂದ ಎಡಕ್ಕೆ

ಅಜ್ಜ ಬರೆದಿಟ್ಟ ಪದಗಳೆಲ್ಲ ಕನ್ನಡ,
ಅಕ್ಷರ ಮಾತ್ರ ಉರ್ದು.
ನಿಜಾಮನ ಶಾಲೆ ಕೈಗೆ ಕಲಿಸಿದ್ದು ಅದೊಂದೇ ಓಟ.
ಕನ್ನಡ ಓದಬಲ್ಲವ, ಬೈಬಲ್ಲು ಕನ್ನಡದ್ದೇ,
ಆದರೆ ಕಂದೀಲಿನ ಬೆಳಕಿಗೆ, ಅವಸರಕ್ಕೆ,
ಬೀಸುಕಲ್ಲು ನಿಲ್ಲುವುದರೊಳಗೆ ಹಿಡಿಯಬೇಕಾದಾಗ
ಬೆರಳು ಬಲದಿಂದ ಎಡಕ್ಕೇ ಓಡುತ್ತಿತ್ತು.

ರೆವರೆಂಡ್ ನತಾನಿಯೇಲ ಘಾಳೆಪ್ಪ, ಮಂಗಲಪೇಟೆ, ಬೀದರ.
ದೇವಶಾಸ್ತ್ರದ ಪರೀಕ್ಷೆಯಲ್ಲಿ ಮೊದಲನೆಯವ.
ಭಾನುವಾರ ಕೃಪೆಯ ಬಗ್ಗೆ ಒಂದು ತಾಸು,
ಸೋಮವಾರ ನಸುಕಿಗೆ ಸೈಕಲ್ಲು ಹತ್ತಿ ಜನವಾಡ,
ತುಳಜಮ್ಮನ ಗೋಡೆಗೆ ಹೊರಗಿನಿಂದ ಕಿವಿ.
ಒಳಗೆ ಬಾ ಅನ್ನಲಿಲ್ಲ ಅವಳು ಮೊದಲ ಮೂರು ತಿಂಗಳು.
"ಪಾದ್ರಿಗಿ ನಮ್ಮ ಎಲ್ಲಮ್ಮನ ಪದ ಯಾಕ ಬೇಕು?
ತಿದ್ದಲಾಕ ಬಂದಾನೇನು?"

ತಿದ್ದಲಿಲ್ಲ. ಬಿಷಪ್ಪರಿಗೆಂದು ಇಂಗ್ಲಿಷಿಗೆ ತಿರುಗಿಸುವಾಗ
ಒಂದು ಕಡೆ ಎಲ್ಲಮ್ಮ ಬರೀ 'ಗ್ರಾಮದೇವತೆ' ಆದಳು, ಅಷ್ಟೆ.
ಆ ಪುಟದ ಅಂಚಿಗೆ ಒಂದು ಮಾತು, ಪೆನ್ಸಿಲ್ಲಿನಲ್ಲಿ:
ತಪ್ಪಾಯಿತು.

ಈಗ ನಾನು, ಕನ್ನಡದ ಟೀಚರು, ಉರ್ದು ಅಕ್ಷರ ಅರಿಯದವಳು,
ಆ ಹನ್ನೊಂದು ವಹಿಗಳನ್ನು ಸೀರೆ ಅಂಗಡಿಯ ಚೀಲಕ್ಕೆ ತುಂಬಿ
ಚೌಬಾರಾದ ಹಿಂದೆ, ಮುಕೀಮುದ್ದೀನ್ ಮಾಸ್ತರರ ಮನೆಗೆ.
ಅವರು ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ.
ಅವರ ಕಣ್ಣು ಅತ್ತಲಿಂದ, ನನ್ನ ಪೆನ್ನು ಇತ್ತಲಿಂದ,
ನಡುವೆ ಎಲ್ಲೋ ಒಂದು ಪದಕ್ಕೆ ಡಿಕ್ಕಿ.

ಉರ್ದುವಿಗೆ ನಮ್ಮ ಳ ಇಲ್ಲ.
ಕಾಫ್, ವಾವ್, ಲಾಮ್. ಮಾಸ್ತರರು ಕನ್ನಡಕ ಒರೆಸಿದರು:
"ಇದು ಕೊಳಾನೂ ಆಗ್ತದ, ಕುಲಾನೂ ಆಗ್ತದ."

    ಕೊಳ ಯಾವುದು ಕೇಳಬ್ಯಾಡ, ನೀರ ಕುಡಿದು ಹೋಗಣ್ಣ

ಅಥವಾ

    ಕುಲ ಯಾವುದು ಕೇಳಬ್ಯಾಡ, ನೀರ ಕುಡಿದು ಹೋಗಣ್ಣ

ಅರ್ಧ ತಾಸು ವಾದಿಸಿದೆವು. ಚಹಾ ಆರಿತು.
ಕುಲವೇ ಇರಬೇಕು ಅಂದೆ, ಎಲ್ಲ ತಿಳಿದವಳ ಹಾಗೆ.
ಜನವಾಡಕ್ಕೆ ಫೋನು ಹಚ್ಚಿದೆ, ತುಳಜಮ್ಮನ ಮಗಳಿಗೆ.
ಎಂಬತ್ತು ದಾಟಿದ ಸುಂದ್ರಮ್ಮ ನಕ್ಕಳು:
"ಅವ್ವ ಎರಡೂ ಅಂತಿದ್ಳು, ತಂಗಿ.
ಗೋಡಿ ಆಚಿ ಯಾರ ಕೇಳ್ಲತ್ತಾರ ಅನ್ನೋದು ನೋಡಿ."
ಪಾದ್ರಿ ನಿಂತ ದಿನ?
"ಅದು ನೆಪ್ಪಿಲ್ಲ."

ಸಾಲು ಮುಗಿದು, ಹೊಸ ಹಿಡಿ ಜೋಳ ಕಲ್ಲಿನ ಬಾಯಿಗೆ ಬೀಳುವಲ್ಲಿ
ತುಳಜಮ್ಮ ಎಳೆಯುತ್ತಿದ್ದ ಉಸಿರನ್ನೂ
ಅಜ್ಜ ಬಿಡದೆ ಬರೆದಿದ್ದಾನೆ, ಪ್ರತಿ ಸಲ.
ಇಂಗ್ಲಿಷಿನಲ್ಲಿ ಅದಕ್ಕೇನೂ ಸಿಗದೆ
ಒಂದು ಖಾಲಿ ಗೆರೆ ಎಳೆದು ಮುಂದೆ ಹೋಗಿದ್ದಾನೆ.

ಹೇ, ವಾವ್, ನೂನ್. "ಹೂಂ," ಓದಿದರು ಮಾಸ್ತರರು.
ಮುಂದಿನ ಸಾಲು. ಮತ್ತೆ, ಹೂಂ.
ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು.
"ಟೀಚರಮ್ಮಾ, ಉರ್ದು ಅಂತ ಓದಿದ್ರ ಇದಕ್ಕ ಅರ್ಥ ಅದ.
ಇದ್ದೀನಿ, ಅಂತ."

ಉರಿದರೂ ಸುಡದ ಪೊದೆಯ ಬಗ್ಗೆ
ವರ್ಷಕ್ಕೊಮ್ಮೆ ಪ್ರಸಂಗ ಮಾಡುತ್ತಿದ್ದವನಿಗೆ
ಇದು ಹೊಳೆದಿತ್ತೋ, ಬರೀ ಕಿವಿಗೆ ಬಿದ್ದದ್ದನ್ನು ಬರೆದನೋ.
ವಹಿಯಲ್ಲಿ ಅದರ ಬಗ್ಗೆ ಏನೂ ಇಲ್ಲ.

ನಾನು ಹೂಂ ಅಂತಲೇ ಬರೆದುಕೊಂಡೆ.
ಮುಂದ ಓದ್ರಿ, ಅಂದೆ.