ಎರಡು ಬೆರಳು

ಮೋಟರು ಕಡಲಿನದು. ಮಲ್ಪೆಯಲ್ಲಿ ಹನ್ನೊಂದು ವರ್ಷ ದುಡಿದು
ಉಪ್ಪಿನ ಕಲೆ ಮೈಮೇಲೆ ಹಾಗೇ ಹೊತ್ತು
ಪಿಕಪ್ಪಿನಲ್ಲಿ ಘಾಟಿ ಹತ್ತಿ ಬಂದದ್ದು.
ದೋಣಿ ಕರಡಿಗೋಡಿನದು, ಮೋಟರಿಗಿಂತ ಹಳೆಯದು,
ಹುಟ್ಟು ಹಾಕಲೆಂದೇ ಕಟ್ಟಿದ್ದು.
ಅದರ ಹಿಂಹಲಗೆ ಮೊಣಕಾಲಿಗಿಂತ ಗಿಡ್ಡ.
ಕಡಲಿನದಕ್ಕೋ ಕಾಲು ಉದ್ದ.

ಕಳೆದ ಕಕ್ಕಡದಲ್ಲಿ ಅದು ತಿಳಿಯಿತು.
ಏಳು ಜನ, ಎರಡು ಆಡು, ಒಂದು ಹೊಲಿಗೆ ಯಂತ್ರ.
ನೀರಿತ್ತು, ಆದರೆ ಹೊಳೆಯಲ್ಲ ಅದು, ನಮ್ಮ ರಸ್ತೆ;
ಮುಳುಗಿದ್ದ ಯಾರದೋ ಬೇಲಿಗಲ್ಲಿಗೆ ಫ್ಯಾನು ತಾಗಿ
ಪಿನ್ನು ಕಡಿಯಿತು.
ಇಂಜಿನ್ನು ಗುಂಯ್ಯೆನ್ನುತ್ತಲೇ ಇತ್ತು,
ದೋಣಿ ಹೊಳೆಯ ಕಡೆಗೆ ಜಾರುತ್ತಿತ್ತು.
ಚಾತ ಬಿದಿರು ಊರಿ ನಿಲ್ಲಿಸಿದ.
ಹೇಗೆ ನಿಲ್ಲಿಸಿದೆ ಎಂದರೆ ಇವತ್ತಿಗೂ
ಅಂಗೈ ತೋರಿಸುತ್ತಾನೆ, ಅಷ್ಟೇ.

ನಾನು ಪಂಪ್‌ಸೆಟ್ಟಿನವನು. ಕಾಫಿ ಮೊಗ್ಗಾದಾಗ
ತೋಟಕ್ಕೆ ಹೊಳೆ ಎತ್ತಿಕೊಡುವವನು.
ದೋಣಿ ಗೊತ್ತಿಲ್ಲ; ಗಾಳಿ ಕುಡಿದ ಯಂತ್ರದ ಸದ್ದು ಗೊತ್ತು.
ಫುಟ್‌ವಾಲ್ವು ನೀರು ಬಿಟ್ಟು ಮೇಲೆದ್ದರೆ
ಪಂಪು ಒಣಗಂಟಲಲ್ಲಿ ಕಿರುಚುವುದನ್ನು
ನಿದ್ದೆಯಲ್ಲೂ ಕೇಳಿ ಎದ್ದಿದ್ದೇನೆ.

ಫ್ಯಾನಿನ ನೆತ್ತಿಯ ಮೇಲೆ ಒಂದು ತಟ್ಟೆಯಿದೆ, ಅಂಗೈಯಗಲ.
ಅದು ದೋಣಿಯ ತಳಕ್ಕೆ ಸಮ ನಿಲ್ಲಬೇಕು,
ಬೇಕಿದ್ದರೆ ಒಂದು ಬೆರಳು ಮೇಲೆ.
ನಮ್ಮದು ಆರು ಬೆರಳು ಕೆಳಗಿತ್ತು.

ಪೂಣಚ್ಚನವರ ಪತ್ತಾಯದ ಬಾಗಿಲು ಹಲಸಿನದು,
ಗೆದ್ದಲು ಅರ್ಧ ತಿಂದು ಅರ್ಧ ನಮಗೆ ಬಿಟ್ಟಿತ್ತು.
ಅದರ ತುಂಡನ್ನು ಹಿಂಹಲಗೆಯ ನೆತ್ತಿಗೆ ಕೂರಿಸಿದೆವು.
ಎಂಟು ಬೆರಳು ಇರಲಿ ಎಂದ ಚಾತ.
ಮೇಲಿದ್ದಷ್ಟೂ ಕಲ್ಲು ತಪ್ಪುತ್ತದಲ್ಲ.
ನಾನೂ ಹೂಂ ಎಂದೆ. ಬೇಲಿಗಲ್ಲು ಕಂಡ ಮೇಲೆ
ಯಾರಿಗೆ ಆಸೆಯಾಗುವುದಿಲ್ಲ.

ಹಳೆಯ ಬೋಲ್ಟಿನ ತೂತುಗಳಿಗೆ ಎಂಸೀಲು ಮೆತ್ತಿ
ಹೊಸ ತೂತು ಕೊರೆದರೆ ಒಳಗಿಂದ
ಕಾಫಿಪುಡಿಯಂಥ ಮರ ಉದುರಿತು.
ಇಬ್ಬರೂ ನೋಡಿದೆವು. ಒಬ್ಬರಿಗೊಬ್ಬರು ಹೇಳಲಿಲ್ಲ.
ಒಳಬದಿಗೊಂದು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದೆವು.

ನೇರ ಹೋಗುವಾಗ ಚೆನ್ನಾಗಿಯೇ ಹೋಯಿತು.
ಮಗ್ಗುಲಿನ ತೂತಿನಿಂದ ನೂಲಿನಂತೆ ನೀರು ಚಿಮ್ಮುತ್ತಿತ್ತು;
ಇಂಜಿನ್ನು ಉಚ್ಚೆ ಹೊಯ್ಯುತ್ತಿದೆ ಎಂದು ದಡದ ಮಕ್ಕಳು ನಕ್ಕರು.
ಹೊಯ್ಯುವವರೆಗೂ ಬದುಕಿರುತ್ತದೆ ಎಂದೆ ನಾನು.
ತಿರುವಿನಲ್ಲಿ ದೋಣಿ ವಾಲಿದ್ದೇ ತಡ
ಅದೇ ಒಣಗಂಟಲು.
ಗಾಳಿ ಕುಡಿದು ಫ್ಯಾನು ಬರೀ ನೊರೆ ಕಡೆಯಿತು,
ಮುಂದೆ ಒಂದು ಮಾರೂ ಹೋಗಲಿಲ್ಲ.

ಎರಡು ಬೆರಳು ಕೊಯ್ದು ತೆಗೆದೆವು.

ಇನ್ನು ಭಾರ ಹಾಕಿ ನೋಡಬೇಕು.
ಕಳೆದ ಸಲ ಕೂತವರನ್ನೇ ಕರೆದೆವು.
ಬಂದರು, ಕಳೆದ ಸಲದ ಜಾಗದಲ್ಲೇ ಕೂತರು, ಯಾರೂ ಹೇಳದೆ.
ಬೀಪಾತುಮ್ಮ ಮಾತ್ರ ಮೆಟ್ಟಿಲಿಳಿಯಲಿಲ್ಲ.
"ಹೊಳೆ ನನ್ನ ಮನೆಗೆ ಬಂದಾಗ ಹತ್ತುತ್ತೇನೆ.
ಕರೆಯದೆ ಅದರ ಮನೆಗೆ ನಾನೇಕೆ ಹೋಗಲಿ?"
ಅವರ ಬದಲಿಗೆ ಸಿಮೆಂಟಿನ ಮೂಟೆ ಇಡಹೋದೆವು.
"ಐವತ್ತು ಕಿಲೋ ನಾನಿಲ್ಲ, ನಲವತ್ತೆರಡು.
ಎಂಟು ಕಿಲೋ ತೆಗಿ."
ತೆಗೆದೆವು. ಚಾತ ಬಕೆಟ್ಟಿಗೆ ಸುರಿದು ತೂಗಿದ.

ಹಿಂಬದಿ ಕುಗ್ಗಿತು, ತಟ್ಟೆ ನೀರೊಳಗೆ ನಿಂತಿತು,
ತಿರುವಿನಲ್ಲೂ ಸದ್ದು ಮುರಿಯಲಿಲ್ಲ.
ಆಚೆ ದಡದ ಮತ್ತಿ ಮರ ಸುತ್ತಿ ಬಂದೆವು.
ಮಾತಿಲ್ಲ. ಯಾರೋ ಕೆಮ್ಮಿದರು.
ಮೂಟೆ ಮಾತ್ರ ಗಟ್ಟಿಯಾಗಿ ಕೂತಿತ್ತು.

ಕೊಯ್ದ ತುಂಡನ್ನು ಬೀಪಾತುಮ್ಮ ಒಯ್ದರು.
ಅಂದು ದೋಣಿಯಿಂದ ಇಳಿಸುವಾಗ
ಹೊಲಿಗೆ ಯಂತ್ರದ ಒಂದು ಕಾಲು ಮುರಿದಿತ್ತಂತೆ,
ಒಂಬತ್ತು ತಿಂಗಳಿಂದ ಕುಂಟುತ್ತಾ ಹೊಲಿಯುತ್ತಿದ್ದರಂತೆ.
ಸಂಜೆ ಕೂಗಿ ಹೇಳಿದರು:
ಒಂದು ನೂಲು ಜಾಸ್ತಿಯಾಯಿತು,
ಇನ್ನು ಮೂರು ಕಾಲಿಗೂ ರಟ್ಟು ಮಡಚಿ ಇಟ್ಟಿದ್ದೇನೆ,
ಮಳೆಗಾಲದೊಳಗೆ ಬಂದು ನೋಡಿ ಹೋಗು.