ಹಿಂದುಮುಂದು

ಮ್ಯಾಕ್ರೊ ಲೆನ್ಸಿನ ಬೆಲೆ ಕೇಳಿ
ಕುತಾಯಿಸಿಯ ಅಂಗಡಿಯಿಂದ ಸುಮ್ಮನೆ ಹೊರಬಂದಳು ತ್ಸಿಯುರಿ.
ಮೂರು ತಿಂಗಳ ರೊಟ್ಟಿ ಅದು.

ಮನೆಗೆ ಬಂದವಳೇ, ಹಿಂದುಮುಂದು ನೋಡದೆ,
ಅಪ್ಪನ ಹಳೆ ಲೆನ್ಸನ್ನು ಹಿಂದುಮುಂದಾಗಿಸಿ
ಕ್ಯಾಮೆರಾದ ಬಾಯಿಗಿಟ್ಟು
ಕಪ್ಪು ಟೇಪು ಸುತ್ತಿದಳು.

ಇನ್ನೂರು ಮಂದಿಯ ಮದುವೆಗಳನ್ನು
ಉಗುರಗಲಕ್ಕೆ ಇಳಿಸಿದ ಗಾಜು.
ಮಗ್ಗುಲು ಬದಲಿಸಿದ್ದೇ ತಡ,
ದ್ರಾಕ್ಷಿ ಕುಡಿಯ ಹೇನೊಂದನ್ನು
ಎಮ್ಮೆ ಮಾಡಿ ನಿಲ್ಲಿಸಿದೆ!

ಉಂಗುರ ತಿರುಗಿಸಿ ಫಲವಿಲ್ಲ,
ಮೈಯೇ ತೂಗಬೇಕು:
ಕೂದಲೆಳೆ ಮುಂದೆ, ಕೂದಲೆಳೆ ಹಿಂದೆ.
ಗಾಳಿ ಬಂತು. ಹೋಯಿತು.
ಮತ್ತೆ ಬಂತು, ಹಾಳಾದ್ದು.
ಉಸಿರು ಕಟ್ಟಿ ಒತ್ತಿದಳು.

ಮೂವತ್ತೊಂಬತ್ತು ಮಸುಕು.
ನಲವತ್ತನೆಯದರಲ್ಲಿ
ಒಂದೇ ಒಂದು ಕಾಲು, ಅದರ ಮೇಲೆ
ಮೂರು ರೋಮ, ಎಣಿಸುವಷ್ಟು ಸ್ಪಷ್ಟ.
ಮಿಕ್ಕ ಮೈಯೆಲ್ಲ ಹಸಿರು ಮಂಜು.

ಅಪ್ಪ ಇದ್ದಿದ್ದರೆ ಕೇಳುತ್ತಿದ್ದ:
ಚೆನ್ನಾಗಿದೆ ಮಗಳೇ,
ಉಳಿದ ನೆಂಟರೆಲ್ಲಿ?