ನಡುಹಗ್ಗದ ಪೈಜಾಮ

ಮಂಗಳವಾರ ಹನ್ನೊಂದಕ್ಕೆ ರಾಟೆ ಕಚ್ಚಿಕೊಂಡಿತು.
ಆರನೇ ಮಹಡಿ. ನಮ್ಮ ಕಿಟಕಿಯಿಂದ
ಎದುರು ಕಟ್ಟಡದ ಕೊಕ್ಕೆಯ ತನಕ ಅಂಗಳದ ಮೇಲೆ ಹಾಯ್ದ ಹಗ್ಗ.
ಎಳೆದರೆ ಬಟ್ಟೆ ಹೋಗುತ್ತದೆ, ಎಳೆದರೆ ಬರುತ್ತದೆ,
ಇಪ್ಪತ್ತೆರಡು ವರ್ಷ ಹೋಗಿದೆ, ಬಂದಿದೆ.
ಅವತ್ತು ಹೋಯಿತು. ಬರಲಿಲ್ಲ.

ದಿಂಬಿನ ಚೀಲ, ಟವೆಲ್ಲು, ನನ್ನ ಒಳಲಂಗ
ಅಷ್ಟರೊಳಗೆ ಬಿಡಿಸಿಕೊಂಡಿದ್ದೆ, ಪುಣ್ಯ.
ಉಳಿದದ್ದು ನುಗ್ಜಾರನ ಪೈಜಾಮ.
ಹಳದಿ ಪಟ್ಟೆ, ಮೊಣಕಾಲಿಗೆ ತೇಪೆ, ಸೊಂಟಕ್ಕೆ ಗುಂಡಿಯಿಲ್ಲ.
ಟಿಬಿಲಿಸಿಯ ಇಡೀ ಬಿಸಿಲು ಅದರ ಮೇಲೇ ಬಿದ್ದಂತೆ
ಬಸ್ಸಿಗೆ ಕಾಯುವವನ ಹಾಗೆ ನಿಂತುಬಿಟ್ಟಿತು
ನಡು ಆಕಾಶದಲ್ಲಿ.

ಪೊರಕೆ ಚಾಚಿದೆ. ಪೊರಕೆಗೆ ಕೋಲು ಕಟ್ಟಿ ಚಾಚಿದೆ.
"ಬಿದ್ದೀಯೆ, ತ್ಸಿಯಾಲಾ!" ಎಂದು ಕೆಳಗಿಂದ ಎಲ್ಲರೂ ಕೂಗಿದರು.
ಒಬ್ಬರೂ ಮೇಲೆ ಬರಲಿಲ್ಲ.
ನಮ್ಮ ಲಿಫ್ಟಿಗೆ ನಾಣ್ಯ ಹಾಕಬೇಕು;
ಇಂಥ ಹೊತ್ತಿನಲ್ಲಿ ಯಾರ ಜೇಬಿನಲ್ಲೂ ನಾಣ್ಯ ಇರುವುದಿಲ್ಲ.

ಆಗ ಮೂಗಿಗೆ ಬಡಿಯಿತು.
ಅಯ್ಯೋ, ಒಲೆಯ ಮೇಲೆ ಹುಳಿಪ್ಲಮ್ಮಿನ ಗೊಜ್ಜು!
ನಾಲ್ಕು ಕಿಲೋ ಹಣ್ಣು, ಎರಡು ಗಡ್ಡೆ ಬೆಳ್ಳುಳ್ಳಿ,
ತಳ ಹತ್ತಿ ಇದ್ದಿಲಾಗಿತ್ತು.
ಮೇಲಿನದ್ದನ್ನು ಮೆಲ್ಲಗೆ, ತಳ ಕದಡದೆ, ಬಾಟಲಿಗೆ ಬಗ್ಗಿಸಿದೆ.
ಬೆರಳದ್ದಿ ನೆಕ್ಕಿದೆ. ಹೊಗೆ.
ಆದರೆ ದೇವರಾಣೆ,
ಅಜ್ಜಿಯ ಸೌದೆ ಒಲೆ ಅದರೊಳಗೆ ಹೇಗೆ ಬಂತು?
ಇನ್ನೊಂದು ಬೆರಳು. ಇನ್ನೊಂದು.
ರೊಟ್ಟಿ ಮುರಿದುಕೊಂಡು ನಿಂತೇ ತಿಂದೆ.
ಪೈಜಾಮ ನೋಡುತ್ತಿತ್ತು.

ಬುಧವಾರದ ಹೊತ್ತಿಗೆ ಅದು ಊರಿನ ಆಸ್ತಿ.
"ಪೈಜಾಮದ ಕೆಳಗೆ ಎಡಕ್ಕೆ ತಿರುಗಿ" ಎಂದು
ಗ್ಯಾಸಿನವನಿಗೆ ಯಾರೋ ದಾರಿ ಹೇಳುತ್ತಿದ್ದರು.
ಪಗಡೆಯಂಥದ್ದೇನೋ ಆಡುವ ನಾಲ್ವರು ಮುದುಕರು
ಎಡಗಾಲು ಬೀಸಿದರೆ ಮಳೆ, ಬಲಗಾಲು ಬೀಸಿದರೆ ಒಣಹವೆ ಎಂದು
ಪಂಚಾಂಗವನ್ನೇ ಬರೆದಿಟ್ಟರು.
ಗುರುವಾರ ಮಳೆ ಬಂತು. ಎರಡೂ ಕಾಲು ಬೀಸಿತ್ತು.

ನನ್ನ ಗಂಡ ಮೆಟ್ರೋ ಓಡಿಸುವವನು.
ಹಿಂಬಾಗಿಲಿಂದ ಮನೆಗೆ ಬಂದು, ಬೂಟು ಬಿಚ್ಚಿ,
"ಎರಡು ನಿಲ್ದಾಣಗಳ ನಡುವೆ ನಾನು ಎಂದೂ ನಿಲ್ಲಿಸಿಲ್ಲ" ಎಂದ.
ಮೂರು ದಿನಕ್ಕೆ ಅದೊಂದೇ ಮಾತು.

ಶುಕ್ರವಾರ ಎದುರುಮನೆ ಲಮ್ಜಿರಾಳ ಮೊಮ್ಮಗ ಲಷಾ
ಕಿಟಕಿಯಿಂದ ಗಾಳ ಬೀಸಿದ.
ಮೊದಲನೆಯದು ಪಾರಿವಾಳಕ್ಕೆ ತಪ್ಪಿತು,
ಎರಡನೆಯದು ಯಾರದೋ ಆಂಟೆನಾಕ್ಕೆ,
ಮೂರನೆಯದಕ್ಕೆ ಎಡಗಾಲು ಸಿಕ್ಕಿತು.
ಅಂಗಳ ಚಪ್ಪಾಳೆ ತಟ್ಟಿತು. ಚಿಮ್ಮಟಿಗೆ ಚಟಕ್ಕೆಂದು ಹಾರಿ
ಪೈಜಾಮ ದಡ ಸೇರಿತು,
ಆಚೆ ದಡ.

ಲಮ್ಜಿರಾಗೂ ನನಗೂ ನಾಲ್ಕು ವರ್ಷದಿಂದ ಮಾತಿಲ್ಲ.
ಕಾರಣ ಒಂದು ಜರಡಿ. ನಾನು ಕೊಟ್ಟೆ ಅಂತ ನಾನು,
ವಾಪಸು ಕೊಟ್ಟೆ ಅಂತ ಅವಳು. ಬಿಡಿ.

ಸಂಜೆ ಬೆಲ್ಲು. ಬಾಗಿಲಲ್ಲಿ ಅವಳೇ,
ಲಿಫ್ಟಿಗೆ ದುಡ್ಡು ಹಾಕಿ ಬಂದಿದ್ದಾಳೆ.
ಕೈಯಲ್ಲಿ ಪೈಜಾಮ, ಇಸ್ತ್ರಿ ಮಾಡಿ ಮಡಿಸಿದ್ದು;
ಎರಡು ವರ್ಷದಿಂದ ಇಲ್ಲದ ಗುಂಡಿ ಹೊಲಿದಿದ್ದಾಳೆ, ಕೆಂಪು ಗುಂಡಿ.
"ಬಿಳಿಯದು ಇರಲಿಲ್ಲ" ಎಂದಳು,
ಜಗಳಕ್ಕೆ ಬಂದವಳ ದನಿಯಲ್ಲೇ.
ಮೇಲೆ ಒಂದು ಜರಡಿ.
ಅದು ನನ್ನದಲ್ಲ. ನನ್ನದಕ್ಕೆ ಹಿಡಿ ಇತ್ತು.
ಹೇಳಲಿಲ್ಲ.

ಬರಿಗೈಲಿ ಕಳಿಸುವುದುಂಟೇ? ಗೊಜ್ಜಿನ ಬಾಟಲಿ ಕೊಟ್ಟೆ.
ಅಲ್ಲೇ ಮುಚ್ಚಳ ತೆಗೆದು, ಬೆರಳದ್ದಿ, ಕಣ್ಣು ಮುಚ್ಚಿ,
"ಇದಕ್ಕೇನು ಹಾಕಿದೆ?" ಅಂದಳು.
ಸತ್ತರೂ ಹೇಳಲಾರೆ ಅಂದೆ.

"ಊರೆಲ್ಲ ನೋಡಿದ್ದನ್ನು ಇನ್ನು ನಾನು ತೊಡುವುದಿಲ್ಲ" ಎಂದು
ನುಗ್ಜಾರ್ ಪ್ಯಾಂಟಿನಲ್ಲೇ ಮಲಗಿದ.
ನಡುರಾತ್ರಿ ಎಚ್ಚರವಾದಾಗ ಪಕ್ಕ ಖಾಲಿ.
ಅಡಿಗೆಮನೆಯಲ್ಲಿ ದೀಪ ಹಾಕದೆ ನಿಂತಿದ್ದ,
ಫ್ರಿಜ್ಜಿನ ಬಾಗಿಲು ತೆರೆದು, ಆ ಬೆಳಕಿನಲ್ಲಿ
ಉಳಿದ ಬಾಟಲಿಗೆ ಬೆರಳು ಇಳಿಬಿಟ್ಟುಕೊಂಡು.
ಹಳದಿ ಪಟ್ಟೆ. ಹೊಟ್ಟೆಯ ಮೇಲೆ ಕೆಂಪು ಗುಂಡಿ.

ರೊಟ್ಟಿ ಎಲ್ಲಿದೆ ಅಂತ ಕೇಳಿದ.
ತೋರಿಸಿದೆ.